ಚಾರ್ಲ್ಸ್ ಬ್ರಾಡ್ಲಾ

ದೇವರಿದ್ದಾನೆಂದು ನಂಬಲು ತಕ್ಕ ಆಧಾರವಿಲ್ಲವೆನ್ನುವವರನ್ನು ನಾಸ್ತಿಕರೆನ್ನುತ್ತಾರೆ. ಹಾಗೆ ಬಹಿರಂಗವಾಗಿ ಹೇಳಿದವರು ಸಮಾಜದ ಕೋಪಕ್ಕೆ ಗುರಿಯಾಗುತ್ತಿದ್ದ ಕಾಲದಲ್ಲಿ, ತಮ್ಮ ವಿಚಾರವನ್ನು ಮರೆಮಾಚದೆ ಬಾಳಿದವರು ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ.

ಅವರು 1833ರ ಸೆಪ್ಟೆಂಬರ್ 26ರಂದು ಲಂಡನ್ನಿನಲ್ಲಿ ಬಡ ಗುಮಾಸ್ತರೊಬ್ಬರ ಮಗನಾಗಿ ಜನಿಸಿದರು. ಹನ್ನೊಂದನೆಯ ವಯಸ್ಸಿಗೇ ಅವರ ಶಾಲಾಶಿಕ್ಷಣ ಮುಗಿಯಿತು. ಮುಂದೆ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಬೈಬಲ್ಲಿನ ಮಾತಿಗೂ ಚರ್ಚಿನ ಮೂವತ್ತೊಂಬತ್ತು ವಿಧಿಗಳಿಗೂ ಹೊಂದಿಕೆಯಿಲ್ಲದಿರುವುದನ್ನು ಕಂಡು, ಪಾದ್ರಿಯವರಲ್ಲಿ ವಿವರಣೆ ಬೇಡಿದರು. ವಿವರಣೆ ದೊರೆಯಲಿಲ್ಲ, ಮಗ ನಾಸ್ತಿಕನಾಗುತ್ತಿದ್ದಾನೆಂಬ ದೂರು ತಂದೆಯನ್ನು ಮುಟ್ಟಿತು. ಹದಿಹರೆಯದಲ್ಲಿಯೇ ಅವರು ಮನೆ ತೊರೆಯಬೇಕಾಯಿತು. ಹೊಟ್ಟೆಪಾಡಿಗಾಗಿ ಕಲ್ಲಿದ್ದಲು ಮಾರಿದರು, ಸೈನ್ಯ ಸೇರಿದರು, ಬಳಿಕ ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾದರು. ಅಲ್ಲಿ ಗಳಿಸಿದ ಕಾನೂನಿನ ಅರಿವು ಅವರಿಗೆ ಆಯುಧವಾಯಿತು. 1866ರಲ್ಲಿ ಅವರು ನ್ಯಾಷನಲ್ ಸೆಕ್ಯುಲರ್ ಸೊಸೈಟಿಯನ್ನು ಸ್ಥಾಪಿಸಿದರು.

1880ರಲ್ಲಿ ನಾರ್ತಾಂಪ್ಟನ್ ಪಟ್ಟಣದ ಮತದಾರರು ಅವರನ್ನು ಪಾರ್ಲಿಮೆಂಟಿಗೆ ಆರಿಸಿದರು. ಸದಸ್ಯರು ದೇವರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸುವುದು ಅಲ್ಲಿನ ಪದ್ಧತಿ. ಬ್ರಾಡ್ಲಾ ಅದರ ಬದಲು ಪ್ರತಿಜ್ಞಾವಚನ ಸ್ವೀಕರಿಸಲು ಅನುಮತಿ ಕೇಳಿದರು. ಅದಕ್ಕೆ ಅಡ್ಡಿ ಬಂದಿತು. ಹಾಗಿದ್ದರೆ ಪ್ರಮಾಣವಚನಕ್ಕೂ ಸಿದ್ಧವೆಂದರು; ದೇವರನ್ನು ನಂಬದವನ ಪ್ರಮಾಣಕ್ಕೆ ಅರ್ಥವಿಲ್ಲವೆಂದು ವಿರೋಧಿಗಳು ಅದನ್ನೂ ತಡೆದರು. ಸಭೆಯಿಂದ ಹೊರನಡೆಯಲು ಒಪ್ಪದ ಅವರನ್ನು ಪಾರ್ಲಿಮೆಂಟಿನ ಗಡಿಯಾರ ಗೋಪುರದಲ್ಲಿ ಬಂಧನದಲ್ಲಿಟ್ಟರು. ಮರುವರ್ಷ ಅವರನ್ನು ಸಭೆಯ ಬಾಗಿಲಿನಿಂದ ಬಲಾತ್ಕಾರವಾಗಿ ಎಳೆದು ಹೊರಹಾಕಲಾಯಿತು. ಸ್ಥಾನ ತೆರವಾದಾಗಲೆಲ್ಲ, 1881, 1882 ಮತ್ತು 1884ರ ಉಪಚುನಾವಣೆಗಳಲ್ಲಿ, ನಾರ್ತಾಂಪ್ಟನ್ನಿನ ಜನ ಮತ್ತೆ ಅವರನ್ನೇ ಆರಿಸಿದರು. ಕಡೆಗೆ 1886ರಲ್ಲಿ ಸಭಾಧ್ಯಕ್ಷರು ಅಡ್ಡಿಗಳನ್ನು ತಳ್ಳಿಹಾಕಿ, ಅವರಿಗೆ ಪ್ರಮಾಣವಚನ ಸ್ವೀಕರಿಸಲು ಅವಕಾಶವಿತ್ತರು. ತಮಗೆ ಸ್ಥಾನ ದೊರೆಯಿತೆಂದು ಬ್ರಾಡ್ಲಾ ಸುಮ್ಮನಾಗಲಿಲ್ಲ. ಅವರ ಪ್ರಯತ್ನದ ಫಲವಾಗಿ 1888ರಲ್ಲಿ ಹೊಸ ಶಾಸನ ಬಂದು, ಇಚ್ಛಿಸುವವರು ಪ್ರಮಾಣಕ್ಕೆ ಬದಲಾಗಿ ಪ್ರತಿಜ್ಞೆ ಕೈಗೊಳ್ಳುವ ಹಕ್ಕನ್ನು ಪಡೆದರು.

ಭಾರತೀಯರ ಕಷ್ಟಸುಖಗಳನ್ನೂ ಅವರು ಪಾರ್ಲಿಮೆಂಟಿನಲ್ಲಿ ಎತ್ತಿ ಹೇಳಿದರು. 1889ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಾಗ ಅವರಿಗೆ ಅದ್ಧೂರಿಯ ಸ್ವಾಗತ ದೊರೆಯಿತು. 1891ರ ಜನವರಿಯಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ, ತಮ್ಮನ್ನು ಹೊರಗಿಟ್ಟಿದ್ದ ಹಳೆಯ ನಿರ್ಣಯವನ್ನು ಸಭೆಯು ತನ್ನ ದಾಖಲೆಯಿಂದ ತೆಗೆದುಹಾಕಿತು. ಆ ಸುದ್ದಿಯನ್ನು ತಿಳಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಜನವರಿ 30ರಂದು ತೀರಿಕೊಂಡರು. ಅವರ ಅಂತ್ಯಸಂಸ್ಕಾರದಲ್ಲಿ ಪಾಲ್ಗೊಂಡವರಲ್ಲಿ, ಆಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯೂ ಒಬ್ಬರು. ದೇವರಲ್ಲಿ ದೃಢವಾದ ನಂಬಿಕೆಯಿದ್ದ ಆ ತರುಣನು ನಾಸ್ತಿಕನ ಪ್ರಾಮಾಣಿಕತೆಗೆ ತಲೆಬಾಗಿದನು.

ಇಂದು ಭಾರತದ ಸಂವಿಧಾನವೂ ಜನಪ್ರತಿನಿಧಿಗಳಿಗೆ ಎರಡು ದಾರಿಗಳನ್ನು ತೆರೆದಿಟ್ಟಿದೆ. ಅವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು; ಇಲ್ಲವೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಕೈಗೊಳ್ಳಬಹುದು. ಇಂಥ ಆಯ್ಕೆಗಾಗಿಯೇ ಬ್ರಾಡ್ಲಾ ತಮ್ಮ ಬಾಳಿನ ಅಮೂಲ್ಯ ವರ್ಷಗಳನ್ನು ಸವೆಸಿದರು.