ಪಂಡಿತಾ ರಮಾಬಾಯಿಯವರನ್ನು ಬೆಳೆಸಿದ ತಾಯಂದಿರು

ಪಂಡಿತಾ ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಜನಿಸಿದರು. ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದನ್ನು ಜನರು ಸಹಿಸದಿದ್ದ ಆ ಕಾಲದಲ್ಲಿ ಅನಂತಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದ್ದರು. ಆ ತಾಯಿಯು ತೀರ್ಥಯಾತ್ರೆಯ ಅಲೆದಾಟದಲ್ಲಿಯೂ ನಸುಕಿನಲ್ಲಿ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಬರಗಾಲದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡಾಗ ಮಗಳಿಗೆ ಉಳಿದ ಆಸ್ತಿಯು ಆ ವಿದ್ಯೆಯೊಂದೇ. ಲಕ್ಷ್ಮೀಬಾಯಿಯವರು ಕ್ರೈಸ್ತರಲ್ಲ, ಆದರೂ ದೇವರನ್ನು ಹುಡುಕುವ ಮನಸ್ಸನ್ನು ಮಗಳಲ್ಲಿ ಬಿತ್ತಿದವರು ಅವರೇ.

ಮುಂದೆ ವಿಧವೆಯಾಗಿ ಎಳೆಯ ಮಗಳೊಡನೆ ಇಂಗ್ಲೆಂಡಿಗೆ ಹೋದ ರಮಾಬಾಯಿಯವರಿಗೆ ವಾಂಟೇಜ್ ಊರಿನ ಸಂನ್ಯಾಸಿನಿ ಜೆರಾಲ್ಡೀನರು ಆತ್ಮಿಕ ತಾಯಿಯಾದರು. 1883ರಲ್ಲಿ ತಾಯಿಮಗಳಿಬ್ಬರೂ ಅಲ್ಲಿಯೇ ದೀಕ್ಷಾಸ್ನಾನ ಹೊಂದಿದರು. ರಮಾಬಾಯಿಯವರು ಕಲಿಸಿದ್ದನ್ನೆಲ್ಲ ಸುಮ್ಮನೆ ಒಪ್ಪುವವರಲ್ಲ. ಎಷ್ಟು ವಾದಿಸಿದರೂ ಜೆರಾಲ್ಡೀನರು ಅವರ ಕೈಬಿಡಲಿಲ್ಲ.

ತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡ ಇವರು 1896-97ರ ಬರದಲ್ಲಿ ನೂರಾರು ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಅವರಿಗೆ ತಾಯಿಯಾದರು. ಮಗಳು ಮನೋರಮಾಬಾಯಿಯವರು ನಮ್ಮ ಕಲಬುರಗಿಯ ಶಾಲೆಯ ಮುಖ್ಯಸ್ಥೆಯಾಗಿ ದುಡಿದು, 1921ರಲ್ಲಿ ತಾಯಿಗಿಂತ ಮುಂಚೆಯೇ ಗತಿಸಿದರು. ಆ ದುಃಖದಲ್ಲಿಯೂ ರಮಾಬಾಯಿಯವರು ಮೂಲಭಾಷೆಗಳಿಂದ ಮಾಡುತ್ತಿದ್ದ ಸತ್ಯವೇದದ ಮರಾಠಿ ಭಾಷಾಂತರವನ್ನು ಮುಗಿಸಿ, 1922ರಲ್ಲಿ ದೇಹವಿಟ್ಟರು. ಅಡವಿಯ ತಾಯಿಯು ಕಲಿಸಿದ ಪಾಠವು ಹೀಗೆ ಫಲಿಸಿತು.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ತಾಯಂದಿರೇ, ವಿಶ್ವಾಸವನ್ನು ಮಕ್ಕಳಿಗೆ ಒಡವೆಯಂತೆ ತೊಡಿಸಲಾಗದು. ಮಗಳಿಗೆ ಓದು ಕಲಿಸಿರಿ. ಆಕೆ ಪ್ರಶ್ನಿಸಿದಾಗ ಕೈಬಿಡದಿರಿ.