ತೋಟಗಾರನ ಮಗ ಹಾನ್ಸ್ ಮೋಲಿಷ್

ವೈಟ್‌ಫೀಲ್ಡಿನ ಆಚೆ ನಮ್ಮ ಹೊಲದ ಅಂಚಿಗೆ ಒಂದು ನೀಲಗಿರಿ ತೋಪಿತ್ತು. ಅದರ ಪಕ್ಕದ ನಾಲ್ಕೈದು ಸಾಲು ರಾಗಿ ಎಂದೂ ಏಳುತ್ತಿರಲಿಲ್ಲ. ಮರ ನೀರನ್ನೆಲ್ಲ ಹೀರುತ್ತದೆಂದು ತಂದೆಯವರು ಹೇಳುತ್ತಿದ್ದರು. ಉದುರಿದ ಎಲೆಯಿಂದ ನೆಲ ಕೆಡುತ್ತದೆಂದು ತಾಯಿ ವಾದಿಸುತ್ತಿದ್ದರು. ಅಕ್ಷರ ಕಲಿಯದ ತಾಯಿಯ ಮಾತನ್ನು, ಕಾಲೇಜು ಸೇರಿದ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೋಲಿಷ್ ಮಹಾಶಯರ ಚರಿತ್ರೆಯನ್ನು ಓದಿದ ಮೇಲೆ ನನಗೆ ನಾಚಿಕೆಯಾಯಿತು.

ಮೋಲಿಷ್ 1856ರಲ್ಲಿ ಆಸ್ಟ್ರಿಯ ಸಾಮ್ರಾಜ್ಯದ ಬ್ರುನ್ ಪಟ್ಟಣದಲ್ಲಿ, ತೋಟಗಾರರ ಮನೆಯಲ್ಲಿ ಜನಿಸಿದರು. ಅದು ಇಂದು ಜೆಕ್ ದೇಶದ ಬರ್ನೋ. ಅದೇ ವರ್ಷ ಅದೇ ಪಟ್ಟಣದ ಮಠದ ತೋಟದಲ್ಲಿ ಮೆಂಡೆಲ್ ಬಟಾಣಿಯ ಪ್ರಯೋಗಗಳನ್ನು ಆರಂಭಿಸಿದ್ದನು. ಮೋಲಿಷರು ವಿಯೆನ್ನಾದಲ್ಲಿ ವೀಸ್ನರರ ಶಿಷ್ಯರಾಗಿ ಸಸ್ಯಶಾಸ್ತ್ರವನ್ನು ಕಲಿತರು. 1894ರಲ್ಲಿ ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕರಾದರು. 1909ರಿಂದ 1928ರವರೆಗೆ ವಿಯೆನ್ನಾದಲ್ಲಿ ಬೋಧಿಸಿದರು. ನಡುವೆ 1922ರಿಂದ ಮೂರು ವರ್ಷ ಜಪಾನಿನ ಸೆಂಡೈನಲ್ಲಿಯೂ ಇದ್ದರು. ನಿವೃತ್ತಿಯಾದರೂ ಸುಮ್ಮನೆ ಕೂಡದೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಕಲ್ಕತ್ತೆಗೆ ಬಂದು ಜಗದೀಶಚಂದ್ರ ಬೋಸರ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಅವರ ಕೊನೆಯ ಪ್ರಯೋಗ ಬಹಳ ಸರಳವಾದುದು. ಮುಚ್ಚಿದ ಗಾಜಿನ ಪಾತ್ರೆಯೊಳಗೆ ಮಾಗಿದ ಸೇಬನ್ನೂ ಎಳೆಯ ಮೊಳಕೆಗಳನ್ನೂ ಜೊತೆಯಲ್ಲಿಟ್ಟರು. ಸೇಬಿನಿಂದ ಹೊರಟ ಎಥಿಲೀನ್ ಅನಿಲದಿಂದ ಮೊಳಕೆಗಳು ಕುಗ್ಗಿ ದಪ್ಪಗಾದವು. ಒಂದು ಸಸ್ಯ ತನ್ನ ದ್ರವ್ಯದಿಂದ ಇನ್ನೊಂದರ ಮೇಲೆ ಹೀಗೆ ಪರಿಣಾಮ ಬೀರುವುದಕ್ಕೆ ಅವರು 1937ರಲ್ಲಿ ಅಲಿಲೋಪತಿ ಎಂದು ಹೆಸರಿಟ್ಟರು. ಕೇಡು ಮಾತ್ರವಲ್ಲ, ಉಪಕಾರವೂ ಆ ಹೆಸರಿನಲ್ಲಿ ಸೇರಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಅವರು ನೆಟ್ಟ ವಿಚಾರ ಇಂದು ನಮ್ಮ ಹೊಲದವರೆಗೂ ಬಂದಿದೆ. ಕಳೆ ಕೀಳುವ ಆಳುಗಳು ಕಾರ್ಖಾನೆಗಳಿಗೂ ಕಂಪನಿಗಳಿಗೂ ಹೊರಟುಹೋದರು. ಉಳಿದವರು ನನ್ನ ತಾಯಿ ಒಬ್ಬರೇ. ಕಾಂಗ್ರೆಸ್ ಗಿಡವನ್ನು ಕಿತ್ತು ಕಿತ್ತು ಅವರ ಕೈಗಳು ತುರಿಕೆಯಿಂದ ಒಡೆದಿವೆ. ಆ ಗಿಡವೂ ತನ್ನ ಪಾರ್ಥೆನಿನ್ ಎಂಬ ವಿಷದಿಂದ ನೆರೆಯ ಬೆಳೆಯನ್ನು ಕುಗ್ಗಿಸುತ್ತದೆ. ನೆಗಡಿಗೆ ನಾವು ಮೂಸುವ ನೀಲಗಿರಿ ಎಣ್ಣೆ ಇದೇ ಗಿಡವನ್ನು ಹಾಳುಮಾಡಬಲ್ಲದೆಂದು ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದರು. ಔಷಧಿಯ ಗಿಡವೇ ಕಳೆಗೆ ಮದ್ದಾಗಬಹುದೆಂಬ ಆಸೆ ಅಲ್ಲಿಂದ ನನಗೆ ಹುಟ್ಟಿತು.

ಆದರೆ ಅವಸರ ಸಲ್ಲದು. ಕಳೆಯನ್ನು ಕೊಲ್ಲುವ ರಸ ರಾಗಿಯ ಮೊಳಕೆಯನ್ನು ಬಿಟ್ಟೀತೆ? ಆ ತೋಪಿನ ಅಂಚಿನ ಬಡಕಲು ಸಾಲುಗಳೇ ಇದಕ್ಕೆ ಎಚ್ಚರಿಕೆ. ಪ್ರಯೋಗಶಾಲೆಯ ಕುಂಡದಲ್ಲಿ ಗೆದ್ದದ್ದು ಮಳೆ ಬಿಸಿಲುಗಳ ಹೊಲದಲ್ಲಿ ಸೋಲಲೂಬಹುದು. ಮೊದಲು ಒಂದು ಗೇಣು ನೆಲದಲ್ಲಿ ನೋಡಿ, ಆಮೇಲೆ ಹೊಲಕ್ಕಿಳಿಯಬೇಕು.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಈ ಪ್ರಯೋಗ ನನ್ನಿಂದಾಗದು. ವಿಜ್ಞಾನ ಓದುವ ನಮ್ಮೂರ ಕಡೆಯ ಗೆಳೆಯರು ಇದನ್ನು ಕೈಗೆತ್ತಿಕೊಂಡರೆ, ಮೊದಲು ಹೊಲದಲ್ಲಿ ಬಾಗಿ ನಿಂತವರನ್ನು ಕೇಳಿ ಆರಂಭಿಸಲಿ. ತೋಟಗಾರನ ಮಗ ಗಾಜಿನ ಪಾತ್ರೆಯಲ್ಲಿ ಕಂಡದ್ದನ್ನು ನನ್ನ ತಾಯಿ ಹೊಲದ ಬದುವಿನಲ್ಲೇ ಕಂಡಿದ್ದರು.