ಎಂಜಿನ್ನಿಗೆ ತಂಪೆರೆದ ಶಿಲ್ಪಿ : ವಿಲ್ಹೆಲ್ಮ್ ಮೇಬ್ಯಾಕ್



ವಿಜಯದಶಮಿಯ ಸಾಯಂಕಾಲ ಕೊಲ್ಹಾಪುರದ ದಸರಾ ಚೌಕದಲ್ಲಿ ಸೀಮೋಲ್ಲಂಘನದ ಸಮಾರಂಭ ನಡೆಯುವುದು ನಮ್ಮ ಭಾಗದ ಜನರಿಗೆಲ್ಲ ಗೊತ್ತಿರುವ ಸಂಗತಿ. ಆ ದಿನ ರಾಜಮನೆತನದವರು ಒಂದು ಹಳೆಯ, ಭವ್ಯವಾದ ಮೋಟಾರಿನಲ್ಲಿ ಚೌಕಕ್ಕೆ ಬರುತ್ತಾರೆ. ಛತ್ರಪತಿ ರಾಜಾರಾಮ ಮಹಾರಾಜರ ಕಾಲದಲ್ಲಿ, 1930ರ ದಶಕದಲ್ಲಿ, ಜರ್ಮನಿಯಿಂದ ಬಂದ ಆ ಮೋಟಾರಿನ ಹೆಸರು ಮೇಬ್ಯಾಕ್. ನೂಕುನುಗ್ಗಲಿನಲ್ಲಿ ನಿಂತ ಜನ ಅದರ ಹೊಳಪನ್ನೂ ಗಾಂಭೀರ್ಯವನ್ನೂ ನೋಡಿ ಬೆರಗಾಗುತ್ತಾರೆ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು ಎಷ್ಟು ಜನರಿಗೆ ಗೊತ್ತು? ಜಗತ್ತಿನ ಮೋಟಾರುಗಳು ಓಡುವಾಗ ಕುದಿದು ಕೆಟ್ಟು ನಿಲ್ಲದಂತೆ ಮಾಡಿದ ಆ ಮಹನೀಯನ ಜೀವನವನ್ನು ನಾವು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ವಿಲ್ಹೆಲ್ಮ್ ಮೇಬ್ಯಾಕ್ ಹುಟ್ಟಿದ್ದು 1846ನೆಯ ಇಸವಿ ಫೆಬ್ರವರಿ 9ರಂದು, ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಎಂಬ ಊರಿನಲ್ಲಿ. ತಂದೆ ಬಡಗಿ. ಮನೆಯಲ್ಲಿ ಐದು ಜನ ಗಂಡುಮಕ್ಕಳು. ಕೆಲವು ವರ್ಷಗಳಲ್ಲಿ ಕುಟುಂಬ ಸ್ಟುಟ್‌ಗಾರ್ಟ್ ನಗರಕ್ಕೆ ಬಂದಿತು. ಅಲ್ಲಿ ತಾಯಿ ತೀರಿಕೊಂಡಳು. 1856ರಲ್ಲಿ ತಂದೆಯೂ ಇಲ್ಲವಾದನು. ಆಗ ವಿಲ್ಹೆಲ್ಮನಿಗೆ ಕೇವಲ ಹತ್ತು ವರ್ಷ. ಗುರುತಿನ ಜನರು ಮಕ್ಕಳ ಸಲುವಾಗಿ ವೃತ್ತಪತ್ರಿಕೆಯಲ್ಲಿ ಸಹಾಯದ ಮನವಿ ಮಾಡಬೇಕಾಯಿತು ಎಂದರೆ ಅವರ ಸ್ಥಿತಿ ಎಂಥದಿತ್ತೆಂಬುದನ್ನು ಊಹಿಸಬಹುದು.

ಆ ಬಾಲಕನನ್ನು ಕೈಹಿಡಿದವರು ಗುಸ್ತಾವ್ ವೆರ್ನರ್ ಎಂಬ ಧರ್ಮಶೀಲರು. ರಾಯ್ಟ್‌ಲಿಂಗೆನ್ ಊರಿನಲ್ಲಿ ಅವರು ಅನಾಥರಿಗಾಗಿ ಒಂದು ಆಶ್ರಮವನ್ನು ನಡೆಸುತ್ತಿದ್ದರು. ಅದರ ಹೆಸರು ಬ್ರೂಡರ್‌ಹೌಸ್, ಅಂದರೆ ಸೋದರರ ಮನೆ. ಅನ್ನ ಹಾಕಿದರೆ ಸಾಲದು, ಕೈಗೆ ಕಸುಬನ್ನೂ ಕೊಡಬೇಕು ಎಂಬುದು ವೆರ್ನರರ ನಂಬಿಕೆ. ಆದ್ದರಿಂದ ಆಶ್ರಮಕ್ಕೆ ಸೇರಿದಂತೆಯೇ ಯಂತ್ರಗಳನ್ನು ತಯಾರಿಸುವ ಒಂದು ಕಾರಖಾನೆಯೂ ಇತ್ತು. ಹದಿನೈದನೆಯ ವಯಸ್ಸಿಗೆ ವಿಲ್ಹೆಲ್ಮ್ ಅಲ್ಲಿಯ ನಕ್ಷೆ ಕೋಣೆಯಲ್ಲಿ ಕೆಲಸ ಕಲಿಯತೊಡಗಿದನು. ಹಗಲು ದುಡಿಮೆ, ಸಂಜೆ ಗಣಿತ ಹಾಗೂ ಭೌತಶಾಸ್ತ್ರದ ಪಾಠ. ಅವನು ಬರೆಯುತ್ತಿದ್ದ ನಕ್ಷೆಗಳಲ್ಲಿ ಒಂದು ಗೆರೆಯೂ ವ್ಯರ್ಥವಾಗಿರುತ್ತಿರಲಿಲ್ಲ.

1863ರಲ್ಲಿ ಆ ಕಾರಖಾನೆಯ ಮುಖ್ಯಸ್ಥರಾಗಿ ಗಾಟ್ಲೀಬ್ ಡೈಮ್ಲರ್ ಎಂಬ ತರುಣ ಎಂಜಿನಿಯರು ಬಂದರು. ಅವರು ವಿಲ್ಹೆಲ್ಮನಿಗಿಂತ ಹನ್ನೆರಡು ವರ್ಷ ಹಿರಿಯರು. ಹುಡುಗನ ಕೈಗುಣವನ್ನು ಅವರು ಕೂಡಲೇ ಗುರುತಿಸಿದರು. ಅಂದು ಕೂಡಿದ ಸ್ನೇಹ ಡೈಮ್ಲರರ ಮರಣದವರೆಗೂ ಅಗಲಲಿಲ್ಲ. ಡೈಮ್ಲರರು ಕಾರ್ಲ್ಸ್‌ರೂಹ ನಗರಕ್ಕೆ ಹೋದಾಗ ಮೇಬ್ಯಾಕರೂ ಹಿಂಬಾಲಿಸಿದರು. ಅಲ್ಲಿಂದ ಇಬ್ಬರೂ 1872ರ ಸುಮಾರಿಗೆ ಕಲೋನ್ ನಗರದ ಹತ್ತಿರದ ಡಾಯ್ಟ್ಸ್ ಕಾರಖಾನೆಯನ್ನು ಸೇರಿದರು. ನಿಕೊಲಾಸ್ ಓಟೋ ಅವರು 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ನನ್ನು ಸಿದ್ಧಪಡಿಸಿದ್ದು ಅಲ್ಲಿಯೇ. ಅದನ್ನು ಕಾರಖಾನೆಯಲ್ಲಿ ನೂರಾರು ಸಂಖ್ಯೆಯಲ್ಲಿ ತಯಾರಿಸಲು ಯೋಗ್ಯವಾಗುವಂತೆ ತಿದ್ದಿದವರು ಮೇಬ್ಯಾಕರು.

ಇಲ್ಲಿ ನಾವು ಎಂಜಿನ್ನಿನ ಒಂದು ಮುಖ್ಯ ಗುಣವನ್ನು ತಿಳಿದುಕೊಳ್ಳಬೇಕು. ಸಿಲಿಂಡರಿನೊಳಗೆ ಪೆಟ್ರೋಲಿನ ಆವಿ ಹಾಗೂ ಗಾಳಿಯ ಮಿಶ್ರಣ ಉರಿದಾಗ ಕ್ಷಣಕಾಲ ಸುಮಾರು 2000 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಉಂಟಾಗುತ್ತದೆ. ಕಬ್ಬಿಣವಾದರೋ ಸುಮಾರು 1540 ಡಿಗ್ರಿಗೆ ಕರಗುತ್ತದೆ. ಅಲ್ಯುಮಿನಿಯಮ್ 660 ಡಿಗ್ರಿಗೇ ಕರಗುತ್ತದೆ. ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಹೊಗೆಯ ಕೂಡ ಹೊರಗೆ ಹೋಗುತ್ತದೆ. ಉಳಿದ ಪಾಲು ಎಂಜಿನ್ನಿನ ಮೈಯನ್ನೇ ಕಾಯಿಸುತ್ತದೆ. ಆ ಕಾವನ್ನು ಬಿಡುವಿಲ್ಲದೆ ಹೊರಗೆ ಸಾಗಿಸದಿದ್ದರೆ ಎಂಜಿನ್ನು ತನ್ನ ಬೆಂಕಿಯಲ್ಲಿ ತಾನೇ ಹಾಳಾಗುತ್ತದೆ. ಒಂದೇ ಸ್ಥಳದಲ್ಲಿ ನಿಂತು ಕೆಲಸ ಮಾಡುವ ಎಂಜಿನ್ನಿಗೆ ಪಕ್ಕದಲ್ಲಿ ದೊಡ್ಡ ನೀರಿನ ಹೌದು ಕಟ್ಟಿಕೊಡಬಹುದು. ಓಡುವ ಗಾಡಿಗೆ ಹೌದನ್ನು ಹೊರಿಸುವುದು ಹೇಗೆ? ಮೇಬ್ಯಾಕರ ಆಯುಷ್ಯದ ದೊಡ್ಡ ಪ್ರಶ್ನೆ ಇದೇ ಆಯಿತು.

1882ರಲ್ಲಿ ಡೈಮ್ಲರರು ಡಾಯ್ಟ್ಸ್ ಬಿಟ್ಟು ಸ್ಟುಟ್‌ಗಾರ್ಟ್ ಸಮೀಪದ ಕಾನ್‌ಸ್ಟಾಟ್ ಊರಿನಲ್ಲಿ ಮನೆ ಮಾಡಿದರು. ಮೇಬ್ಯಾಕರೂ ಅಲ್ಲಿಗೆ ಬಂದರು. ಮನೆಯ ತೋಟದಲ್ಲಿದ್ದ ಗಾಜಿನ ಸಸ್ಯಗೃಹವೇ ಅವರ ಕಾರ್ಯಾಗಾರವಾಯಿತು. ಹಗಲು ರಾತ್ರಿ ಒಳಗಿನಿಂದ ಬರುವ ಲೋಹದ ಸಪ್ಪಳ ಕೇಳಿ ತೋಟದ ಮಾಲಿಗೆ ಸಂಶಯ ಬಂದಿತಂತೆ; ಖೋಟಾ ನಾಣ್ಯ ಅಚ್ಚು ಹಾಕುತ್ತಿದ್ದಾರೆಂದು ಪೊಲೀಸರಿಗೆ ತಿಳಿಸಿದನಂತೆ. ಪೊಲೀಸರು ಬಂದು ನೋಡಿದಾಗ ಸಿಕ್ಕಿದ್ದು ಎಂಜಿನ್ನಿನ ಬಿಡಿಭಾಗಗಳು ಮಾತ್ರ! ಅಲ್ಲಿ ಸಿದ್ಧವಾದ ಹೊಸ ಎಂಜಿನ್ನು ಚಿಕ್ಕದು, ಹಗುರಾದುದು. ಓಟೋ ಎಂಜಿನ್ನು ನಿಮಿಷಕ್ಕೆ ಇನ್ನೂರು ಸುತ್ತನ್ನೂ ಮುಟ್ಟದಿದ್ದಾಗ ಇದು ಸುಮಾರು 600 ಸುತ್ತು ತಿರುಗಿತು. 1885ರಲ್ಲಿ ಅದನ್ನು ಎರಡು ಚಕ್ರದ ಕಟ್ಟಿಗೆಯ ಗಾಡಿಗೆ ಕೂಡ್ರಿಸಿ ಓಡಿಸಿದರು. ಮರುವರ್ಷ ನಾಲ್ಕು ಚಕ್ರದ ಗಾಡಿಯೂ ಓಡಿತು.

ಸುತ್ತು ಹೆಚ್ಚಿದಂತೆ ಕಾವೂ ಹೆಚ್ಚಿತು. ಅದೇ ಕಾಲದಲ್ಲಿ ಕಾರ್ಲ್ ಬೆಂಜ್ ಅವರು 1886ರಲ್ಲಿ ತಯಾರಿಸಿದ ಗಾಡಿಯಲ್ಲಿ ಎಂಜಿನ್ನಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ನೀರು ಹುಡುಕಿ ಮತ್ತೆ ಮತ್ತೆ ತುಂಬಬೇಕಾಗುತ್ತಿತ್ತು. ಮೇಬ್ಯಾಕರು ಬೇರೊಂದು ಯುಕ್ತಿ ಮಾಡಿದರು. 1889ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಹೋದ ಅವರ ಉಕ್ಕಿನ ಚಕ್ರದ ಗಾಡಿಯ ಚೌಕಟ್ಟು ಟೊಳ್ಳು ಕೊಳವೆಗಳದಾಗಿತ್ತು. ಆ ಕೊಳವೆಗಳಲ್ಲಿಯೇ ನೀರು ಹರಿದು ತಣ್ಣಗಾಗುವಂತೆ ಮಾಡಿದ್ದರು. 1897ರಲ್ಲಿ ಸಣ್ಣ ಸಣ್ಣ ನಳಿಕೆಗಳ ರೇಡಿಯೇಟರನ್ನು ರಚಿಸಿ ಅದಕ್ಕೆ ಗಾಳಿ ಬೀಸುವ ಫ್ಯಾನನ್ನು ಜೋಡಿಸಿದರು. ಆದರೂ ಎಂಜಿನ್ನಿನ ಬಲ ಬೆಳೆದಷ್ಟು ಈ ಸಾಧನ ಸಾಲದಾಯಿತು.

1900ನೆಯ ಇಸವಿ ಅವರಿಗೆ ಕಠಿಣ ಪರೀಕ್ಷೆಯ ವರ್ಷ. ಮಾರ್ಚ್ 6ರಂದು ಡೈಮ್ಲರರು ತೀರಿಕೊಂಡರು. ಅದೇ ತಿಂಗಳಿನ ಕೊನೆಗೆ ಫ್ರಾನ್ಸಿನ ನೀಸ್ ನಗರದ ಬಳಿ ಲಾ ಟುರ್ಬಿ ಬೆಟ್ಟವನ್ನು ಏರುವ ಪಂದ್ಯದಲ್ಲಿ ಡೈಮ್ಲರ್ ಕಂಪನಿಯ ಗಾಡಿ ತಿರುವಿನಲ್ಲಿ ಬಂಡೆಗೆ ಬಡಿಯಿತು. ಅದನ್ನು ನಡೆಸುತ್ತಿದ್ದ ವಿಲ್ಹೆಲ್ಮ್ ಬಾವರ್ ಪ್ರಾಣ ಕಳೆದುಕೊಂಡರು. ಗಾಡಿ ಎತ್ತರವಾಗಿತ್ತು, ಗಿಡ್ಡವಾಗಿತ್ತು, ಮುಂಭಾಗದಲ್ಲಿ ಅತಿಭಾರವಾಗಿತ್ತು. ಇನ್ನು ಪಂದ್ಯದ ಗಾಡಿಗಳ ಗೊಡವೆಯೇ ಬೇಡವೆಂದು ಕೆಲವರಿಗೆ ಅನಿಸಿತು. ಆದರೆ ಆ ಗಾಡಿಗಳನ್ನು ಕೊಂಡು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ ಹಿಂಜರಿಯಲಿಲ್ಲ. ತಗ್ಗಾದ, ಉದ್ದವಾದ, ಹಗುರಾದ, ಹೆಚ್ಚು ಬಲದ ಗಾಡಿಯನ್ನು ಮಾಡಿಕೊಟ್ಟರೆ 36 ಗಾಡಿಗಳನ್ನು ಒಮ್ಮೆಲೇ ಕೊಳ್ಳುವುದಾಗಿ ಮಾತು ಕೊಟ್ಟರು. ಗಾಡಿಗೆ ತಮ್ಮ ಪುಟ್ಟ ಮಗಳು ಮರ್ಸಿಡಿಸ್‌ಳ ಹೆಸರಿಡಬೇಕೆಂಬುದು ಅವರ ಕರಾರು.

ಗೆಳೆಯನನ್ನು ಕಳೆದುಕೊಂಡ ದುಃಖದಲ್ಲಿಯೇ ಮೇಬ್ಯಾಕರು ನಕ್ಷೆಯ ಹಲಗೆಯ ಮುಂದೆ ನಿಂತರು. ವರ್ಷ ಮುಗಿಯುವುದರೊಳಗೆ 35 ಅಶ್ವಶಕ್ತಿಯ ಮರ್ಸಿಡಿಸ್ ಸಿದ್ಧವಾಯಿತು. ಅದರ ಮೂತಿಯಲ್ಲಿ ನಿಂತಿತ್ತು ಅವರ ಶ್ರೇಷ್ಠ ಕೃತಿಯಾದ ಜೇನುಗೂಡಿನ ರೇಡಿಯೇಟರು. ಆರು ಮಿಲಿಮೀಟರ್ ಅಗಲದ 8070 ಚೌಕನೆಯ ನಳಿಕೆಗಳನ್ನು ಜೇನುರೊಟ್ಟಿನಂತೆ ಒಂದರ ಪಕ್ಕದಲ್ಲೊಂದು ಜೋಡಿಸಿ ತುದಿಗಳನ್ನು ಬೆಸುಗೆ ಹಾಕಿದ್ದರು. ನಳಿಕೆಗಳ ಒಳಗಿನಿಂದ ಗಾಳಿ ನುಗ್ಗುತ್ತಿತ್ತು. ನಳಿಕೆಗಳ ನಡುವಣ ಕಿರಿದಾದ ಸಂದಿಗಳಲ್ಲಿ ಬಿಸಿನೀರು ತೆಳುವಾಗಿ ಹರಿಯುತ್ತಿತ್ತು. ಅಗಲವಾದ ತಟ್ಟೆಯಲ್ಲಿ ಸುರಿದ ಚಹ ಬೇಗನೆ ಆರುವುದಿಲ್ಲವೇ? ತತ್ತ್ವ ಅದೇ. ನೀರಿಗೂ ಗಾಳಿಗೂ ಸೋಂಕುವ ಮೈ ಹೆಚ್ಚಿದಷ್ಟೂ ಕಾವು ಬೇಗ ಇಳಿಯುತ್ತದೆ. ಮೊದಲು 18 ಲೀಟರ್ ನೀರು ಬೇಕಾಗುತ್ತಿದ್ದ ಕಡೆ ಈಗ 9 ಲೀಟರ್ ಸಾಕಾಯಿತು. ಗಾಡಿಯ ಭಾರವೂ ಇಳಿಯಿತು.

1901ರ ಮಾರ್ಚ್ ತಿಂಗಳಲ್ಲಿ ಆ ಗಾಡಿ ಅದೇ ನೀಸ್ ನಗರಕ್ಕೆ ಹೋಯಿತು. ಬಾವರ್ ಮಡಿದ ಅದೇ ಬೆಟ್ಟವನ್ನು ಗಂಟೆಗೆ 51 ಕಿಲೋಮೀಟರ್ ಸರಾಸರಿ ವೇಗದಲ್ಲಿ ಏರಿತು. ಅಲ್ಲಿಯವರೆಗಿನ ದಾಖಲೆ 31 ಕಿಲೋಮೀಟರ್ ಮಾತ್ರ. ಕುದುರೆ ಕಟ್ಟದ ಬಂಡಿಯಂತಿದ್ದ ಹಳೆಯ ರೂಪವನ್ನು ಬಿಟ್ಟು, ಇಂದು ನಾವು ಕಾರು ಎಂದು ಕರೆಯುವ ರೂಪ ಬಂದದ್ದು ಈ ಗಾಡಿಯಿಂದಲೇ. ಸ್ಪೋರ್ಟ್ಸ್ ಕಾರುಗಳ ವಂಶವೂ ಇದರಿಂದಲೇ ಬೆಳೆಯಿತೆಂದರೆ ತಪ್ಪಾಗಲಾರದು.

ಆ ಎಂಜಿನ್ನಿನಲ್ಲಿ ಸಿಲಿಂಡರು ಮತ್ತು ಅದರ ತಲೆ ಒಂದೇ ಎರಕದವಾಗಿದ್ದವು. ಮುಂದೆ ದುರಸ್ತಿಗೆ ಅನುಕೂಲವಾಗಲೆಂದು ತಲೆಯನ್ನು, ಅಂದರೆ ಸಿಲಿಂಡರ್ ಹೆಡ್ಡನ್ನು, ಬೇರೆಯಾಗಿ ಮಾಡಿ ಬೋಲ್ಟುಗಳಿಂದ ಬಿಗಿಯುವ ಪದ್ಧತಿ ಬಂದಿತು. ಎರಡರ ನಡುವೆ ಇಡುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಮತ್ತೊಂದು ಕಡೆ ಎಣ್ಣೆ. ಈ ಮೂರೂ ಒಂದನ್ನೊಂದು ಕೂಡದಂತೆ ತಡೆಯುವುದು ಅದರ ಕೆಲಸ. ಎಂಜಿನ್ನು ಮಿತಿಮೀರಿ ಕಾಯ್ದಾಗ ಅಲ್ಯುಮಿನಿಯಮ್ಮಿನ ಹೆಡ್ಡು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗಿ ಡೊಂಕಾಗುತ್ತದೆ, ಗ್ಯಾಸ್ಕೆಟ್ ಸೀಳುತ್ತದೆ. ಆಗ ಹೊಗೆ ಕೊಳವೆಯಿಂದ ಬಿಳಿ ಹೊಗೆ ಬರುತ್ತದೆ, ಸೋರಿಕೆ ಕಾಣದಿದ್ದರೂ ನೀರು ಕಡಿಮೆಯಾಗುತ್ತದೆ, ಎಣ್ಣೆ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ದುರಸ್ತಿಯ ಖರ್ಚು ಬಡವನ ಬೆನ್ನು ಮುರಿಯುವಂಥದು.

ನಮ್ಮ ಶಾಲೆಯ ಅನೇಕ ವಿದ್ಯಾರ್ಥಿಗಳ ಮನೆಯಲ್ಲಿ ಟೆಂಪೊ, ಜೀಪು, ಟ್ರ್ಯಾಕ್ಟರುಗಳಿವೆ. ಆಂಬೋಲಿ, ಗಗನಬಾವಡಾ ಘಾಟುಗಳನ್ನು ಹತ್ತುವ ಗಾಡಿಗೂ ಪಂದ್ಯದ ಸ್ಪೋರ್ಟ್ಸ್ ಕಾರಿಗೂ ಈ ವಿಷಯದಲ್ಲಿ ನಿಯಮ ಒಂದೇ. ರೇಡಿಯೇಟರಿನ ಸಂದಿಗಳಲ್ಲಿ ಸಿಕ್ಕಿದ ಧೂಳು, ಹುಳು, ಹತ್ತಿಯ ಎಳೆಗಳನ್ನು ಆಗಾಗ ತೆಗೆಯಬೇಕು. ಬೋರಿನ ಗಡಸು ನೀರು ತುಂಬಿದರೆ, ನೀರು ಕಾಯಿಸುವ ಬಂಬಿನೊಳಗೆ ಸುಣ್ಣ ಕಟ್ಟುವಂತೆ ಅಲ್ಲಿಯೂ ಕಟ್ಟುತ್ತದೆ. ಆದ್ದರಿಂದ ತಯಾರಕರು ಹೇಳಿದ ಕೂಲಂಟನ್ನೇ ಹಾಕಬೇಕು. ಅದು ತುಕ್ಕನ್ನು ತಡೆಯುತ್ತದೆ, ಬೇಗ ಕುದಿಯುವುದೂ ಇಲ್ಲ. ಫ್ಯಾನು, ಬೆಲ್ಟು, ವಾಟರ್ ಪಂಪು, ಥರ್ಮೋಸ್ಟ್ಯಾಟ್ ಇವುಗಳನ್ನು ಕಾಲಕಾಲಕ್ಕೆ ನೋಡಿಸಬೇಕು. ರೇಡಿಯೇಟರಿನ ಮುಚ್ಚಳವನ್ನೂ ಅಲಕ್ಷಿಸಬಾರದು; ಅದು ಒಳಗೆ ಒತ್ತಡ ಹಿಡಿದಿಡುವುದರಿಂದಲೇ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಉಷ್ಣತೆಯ ಮುಳ್ಳು ಏರಿತೆಂದರೆ ಊರು ಹತ್ತಿರವಿದೆಯೆಂದು ಎಳೆಯದೆ ಕೂಡಲೇ ನಿಲ್ಲಿಸಬೇಕು. ಬಿಸಿಯಾದ ಎಂಜಿನ್ನಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ತಣ್ಣೀರು ಸುರಿದರೆ ಹೆಡ್ಡು ಬಿರಿಯುತ್ತದೆ. ಹೆಡ್ಡನ್ನು ಬಿಚ್ಚಿದಾಗ ಅದರ ಮೈ ಸಮತಲವಾಗಿದೆಯೇ ಎಂದು ಪಟ್ಟಿ ಇಟ್ಟು ಪರೀಕ್ಷಿಸಬೇಕು. ಬೋಲ್ಟುಗಳನ್ನು ತಯಾರಕರು ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಗೆ, ಅಳತೆಯ ಪಾನಾದಿಂದ ಬಿಗಿಯಬೇಕು.

ಇಷ್ಟು ದೊಡ್ಡ ಉಪಕಾರ ಮಾಡಿದ ಮೇಬ್ಯಾಕರಿಗೆ ಕೊನೆಯವರೆಗೂ ಸುಖವೇ ದೊರೆಯಿತೆಂದು ಹೇಳುವಂತಿಲ್ಲ. ಡೈಮ್ಲರರ ನಂತರ ಕಂಪನಿಯಲ್ಲಿ ಅವರ ಮಾತಿಗೆ ಬೆಲೆ ಕಡಿಮೆಯಾಯಿತು. 1907ರಲ್ಲಿ ಅವರು ಅಲ್ಲಿಂದ ಹೊರಬಂದರು. ಆಗ ಅವರಿಗೆ ಅರವತ್ತು ದಾಟಿತ್ತು. ಆದರೂ ಕೈಕಟ್ಟಿ ಕೂಡಲಿಲ್ಲ. 1909ರಲ್ಲಿ ಕೌಂಟ್ ಝೆಪೆಲಿನ್ ಅವರ ಆಕಾಶನೌಕೆಗಳಿಗೆ ಎಂಜಿನ್ನು ತಯಾರಿಸುವ ಕಾರಖಾನೆಗೆ ಕೈಜೋಡಿಸಿ, ಅದರ ಹೊಣೆಯನ್ನು ಮಗ ಕಾರ್ಲನಿಗೆ ವಹಿಸಿದರು. ಕಾಲೇಜಿನ ಮೆಟ್ಟಿಲು ಹತ್ತದ ಈ ಅನಾಥನಿಗೆ 1916ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಮೊದಲನೆಯ ಮಹಾಯುದ್ಧದ ನಂತರ ಜರ್ಮನಿಗೆ ವಿಮಾನದ ಎಂಜಿನ್ನು ಮಾಡುವುದು ನಿಷಿದ್ಧವಾದಾಗ ಕಾರ್ಲರು 1921ರಿಂದ ಮೇಬ್ಯಾಕ್ ಹೆಸರಿನ ಮೋಟಾರುಗಳನ್ನು ತಯಾರಿಸಿದರು. ಕೊಲ್ಹಾಪುರಕ್ಕೆ ಬಂದದ್ದು ಅಂಥದೊಂದು ಮೋಟಾರು. 1929ನೆಯ ಡಿಸೆಂಬರ್ 29ರಂದು ವಿಲ್ಹೆಲ್ಮ್ ಮೇಬ್ಯಾಕರು ಕಾಲವಾದರು. ಡೈಮ್ಲರರ ಸಮಾಧಿಯಿರುವ ಕಾನ್‌ಸ್ಟಾಟಿನ ಸ್ಮಶಾನದಲ್ಲಿಯೇ ಅವರಿಗೂ ವಿಶ್ರಾಂತಿ ದೊರೆಯಿತು.

ಮಕ್ಕಳೇ, ಇಚಲಕರಂಜಿಯ ಮಗ್ಗಗಳ ನಡುವೆ, ಕೊಲ್ಹಾಪುರದ ಉದ್ಯಮನಗರದ ಎರಕದ ಮನೆಗಳ ಸಮೀಪದಲ್ಲಿ ಬೆಳೆಯುವ ನಿಮ್ಮಲ್ಲಿ ಹಲವರು ನಾಳೆ ಯಂತ್ರಗಳ ಜೊತೆಗೆ ಬಾಳುವವರು. ಬಡತನ, ಅನಾಥತನಗಳು ಮೇಬ್ಯಾಕರನ್ನು ತಡೆಯಲಿಲ್ಲ. ಸಂಜೆಯ ಶಾಲೆಯ ಗಣಿತ ಅವರ ಕೈಬಿಡಲಿಲ್ಲ. ಹೆಚ್ಚು ಬಲವನ್ನು ಹುಟ್ಟಿಸಬೇಕೆನ್ನುವವರು ಅನೇಕರಿದ್ದರು. ಆ ಬಲದೊಂದಿಗೆ ಹುಟ್ಟುವ ಕಾವನ್ನು ಎಲ್ಲಿಗೆ ಕಳಿಸಬೇಕೆಂದು ವರ್ಷಗಟ್ಟಲೆ ತಾಳ್ಮೆಯಿಂದ ಯೋಚಿಸಿದವರು ಅವರು. ಇಂದಿನ ವಿದ್ಯುತ್ ಕಾರುಗಳ ಬ್ಯಾಟರಿಗೂ ತಂಪು ಬೇಕು. ಅಲ್ಲಿಯೂ ಈ ಪ್ರಶ್ನೆ ಮುಗಿದಿಲ್ಲ. ಅದಕ್ಕೆ ಇನ್ನೂ ಒಳ್ಳೆಯ ಉತ್ತರವನ್ನು ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತವರೊಬ್ಬರು ಕಂಡುಹಿಡಿಯಲಿ ಎಂದು ನಾವು ಮನಸಾರೆ ಹಾರೈಸುತ್ತೇವೆ.